ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಮೇಲೆ ಪಿಎಚ್‌ಡಿ ಮಾಡಬೇಕು ಅಂತಿದ್ದೇನೆ, ಈ ದಾರಿ ತುಳಿದವರು ಅನುಭವ ಹೇಳುತ್ತೀರಾ?

ಪ್ರಶ್ನೆ: ಎಂಎಸ್ಸಿ ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಮೈಕ್ರೋಬಯಾಲಜಿ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಹೋದ ವರ್ಷ ನಮ್ಮಜ್ಜಿಗೆ ಮೂತ್ರದ ಸೋಂಕು ಜೋರಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ಕಲ್ಚರ್ ರಿಪೋರ್ಟ್ ನನ್ನ ಕೈಗೇ ಕೊಟ್ಟರು. ಮೇಲೆ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಅಂತ ಬರೆದಿತ್ತು. ಕೆಳಗೆ ಆ್ಯಂಟಿಬಯೋಟಿಕ್‌ಗಳ ಪಟ್ಟಿ, ಮುಂದೆ ಸಾಲಾಗಿ ‘ಆರ್’, ‘ಆರ್’, ‘ಆರ್’. ಅಂದರೆ ರೆಸಿಸ್ಟೆಂಟ್, ಆ ಔಷಧ ನಾಟುವುದಿಲ್ಲ. ಎರಡಕ್ಕೆ ಮಾತ್ರ ‘ಎಸ್’, ಅಂದರೆ ಔಷಧ ನಾಟುತ್ತದೆ ಅಂತ ಇತ್ತು. ಅಜ್ಜಿ ಹುಷಾರಾಗಿ ಮನೆಗೆ ಬಂದರು. ಪುಸ್ತಕದಲ್ಲಿ ಓದುತ್ತಿದ್ದದ್ದು ನಮ್ಮ ಮನೆಗೇ ಬಂದ ಮೇಲೆ, ಸಂಶೋಧನೆ ಅಂತ ಮಾಡಿದರೆ ಇದರಲ್ಲೇ ಮಾಡಬೇಕು ಅನ್ನಿಸಿದೆ.

ಪಿಎಚ್‌ಡಿಗೆ ಲ್ಯಾಬ್ ಹೇಗೆ ಆರಿಸಬೇಕು? ಈಗಿನಿಂದಲೇ ಏನು ಕಲಿತಿರಬೇಕು? ಐದಾರು ವರ್ಷ ಕೊಟ್ಟರೆ ಮುಂದೆ ಕೆಲಸ ಇದೆಯಾ? ಈ ಕ್ಷೇತ್ರದಲ್ಲಿ ಇರುವವರು, ಇದ್ದು ಬಿಟ್ಟವರು, ಯಾರಾದರೂ ಸರಿ, ಮುಚ್ಚುಮರೆ ಇಲ್ಲದೆ ಹೇಳಿ.

ಉತ್ತರ: ಆಸ್ಪತ್ರೆಯ ಕಲ್ಚರ್ ಲ್ಯಾಬ್ ಟೆಕ್ನಾಲಜಿಸ್ಟ್, ಹುಬ್ಬಳ್ಳಿ

ತಂಗಿ, ಅರ್ಜಿ ಹಾಕುವ ಮೊದಲು ಯಾವುದಾದರೂ ದೊಡ್ಡ ಆಸ್ಪತ್ರೆಯ ಕಲ್ಚರ್ ಲ್ಯಾಬ್‌ನಲ್ಲಿ ಒಂದೆರಡು ತಿಂಗಳು ಕೆಲಸ ನೋಡು. ಅಜ್ಜಿಯ ರಿಪೋರ್ಟ್‌ನಲ್ಲಿದ್ದ ಆ ‘ಆರ್’ ಹೇಗೆ ಬರುತ್ತದೆ ಅಂತ ಕೈಯಾರೆ ಮಾಡಿ ತಿಳಿದುಕೋ.

ನಾವು ಮಾಡುವುದು ಇಷ್ಟು. ಬ್ಯಾಕ್ಟೀರಿಯಾವನ್ನು ಸಲೈನ್‌ನಲ್ಲಿ ಕದಡಿ, ಅದರ ಮಬ್ಬು 0.5 ಮ್ಯಾಕ್‌ಫರ್ಲೆಂಡ್ ಅಳತೆಗೆ ಸರಿಹೊಂದುತ್ತದಾ ನೋಡುತ್ತೇವೆ. ಸ್ವಾಬ್ ಅದ್ದಿ ಮುಲ್ಲರ್ ಹಿಂಟನ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಪ್ಲೇಟ್ ತುಂಬ ಸವರುತ್ತೇವೆ. ಮೇಲೆ ಔಷಧದ ಡಿಸ್ಕ್ ಇಟ್ಟು ಸುಮಾರು 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಇನ್‌ಕ್ಯುಬೇಟರ್‌ನಲ್ಲಿ ಬಿಡುತ್ತೇವೆ. ಬೆಳಗ್ಗೆ ತೆಗೆದರೆ ಪ್ಲೇಟ್ ಪೂರ್ತಿ ಬೆಳೆದಿರುತ್ತದೆ, ಔಷಧ ನಾಟಿದ ಡಿಸ್ಕ್ ಸುತ್ತ ಮಾತ್ರ ಖಾಲಿ ವೃತ್ತ. ಅದನ್ನೇ ಝೋನ್ ಅನ್ನುವುದು. ಅದರ ಅಡ್ಡಗಲ ಅಳೆಯುತ್ತೇವೆ. ಇಂಥ ಪರೀಕ್ಷೆಗಳಿಗೆ ಮಾನದಂಡ ಕೊಡುವ ಸಿಎಲ್‌ಎಸ್‌ಐ ಸಂಸ್ಥೆಯ ಕೋಷ್ಟಕದಲ್ಲಿ ಕ್ಲೆಬ್ಸಿಯೆಲ್ಲಾಗೆ ಮೆರೊಪೆನೆಮ್ ಅನ್ನುವ ಆ್ಯಂಟಿಬಯೋಟಿಕ್‌ನ ಝೋನ್ 23 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ‘ಎಸ್’, 19 ಅಥವಾ ಅದಕ್ಕಿಂತ ಕಡಿಮೆ ಬಂದರೆ ‘ಆರ್’. ಐಸಿಯುನಲ್ಲಿ ಮಲಗಿದವರಿಗೆ ಯಾವ ಔಷಧ ಹೋಗಬೇಕು ಅನ್ನುವುದು ನಾಲ್ಕು ಮಿಲಿಮೀಟರ್ ಮೇಲೆ ನಿಂತಿದೆ.

ಆ ನಾಲ್ಕು ಮಿಲಿಮೀಟರ್ ಕೆಡಿಸುವುದು ಬಹಳ ಸುಲಭ. ಕದಡಿದ್ದು ಗಟ್ಟಿಯಾದರೆ ಝೋನ್ ಕುಗ್ಗುತ್ತದೆ. ಅಗಾರ್ 4 ಮಿಲಿಮೀಟರ್ ದಪ್ಪ ಇರಬೇಕು, ಅದಕ್ಕಿಂತ ದಪ್ಪಗೆ ಸುರಿದರೆ ಆಗಲೂ ಕುಗ್ಗುತ್ತದೆ. ಡಿಸ್ಕ್ ಡಬ್ಬಿಯನ್ನು ಫ್ರಿಜ್‌ನಿಂದ ತೆಗೆದ ತಕ್ಷಣ ತೆರೆದರೆ ಒಳಗೆ ತೇವ ಕೂತು ಔಷಧ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇ ಎಟಿಸಿಸಿ 25922 ಅನ್ನುವ ಇ. ಕೋಲೈ ತಳಿಯನ್ನು ಕಂಟ್ರೋಲ್ ಆಗಿ ಹಾಕುತ್ತೇವೆ. ಅದರ ಝೋನ್ ತನ್ನ ಮಿತಿ ಬಿಟ್ಟು ಬಂದರೆ ಅವತ್ತಿನ ರಿಪೋರ್ಟ್ ಯಾವುದೂ ಹೊರಗೆ ಹೋಗುವುದಿಲ್ಲ.

ಇನ್ನೊಂದು ನೋಡು. ಕೆಲವು ಸಲ ಖಾಲಿ ವೃತ್ತದ ಒಳಗೆ ಒಂದೆರಡು ಸಣ್ಣ ಚುಕ್ಕಿ ಬೆಳೆದಿರುತ್ತವೆ. ಅವಸರದಲ್ಲಿರುವವನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಅದನ್ನು ಲೂಪ್‌ನಿಂದ ಎತ್ತಿ ಬೇರೆ ಬೆಳೆಸಿ ಮತ್ತೆ ಟೆಸ್ಟ್ ಹಾಕಬೇಕು. ಒಮ್ಮೊಮ್ಮೆ ಅದು ಬೇರೆಯೇ ಬ್ಯಾಕ್ಟೀರಿಯಾ, ಸ್ಯಾಂಪಲ್ ಕಲಬೆರಕೆ ಆಗಿತ್ತು ಅಂತ ಗೊತ್ತಾಗುತ್ತದೆ. ಒಮ್ಮೊಮ್ಮೆ ಅದೇ ಬ್ಯಾಕ್ಟೀರಿಯಾ. ಒಂದೇ ಗುಂಪಿನೊಳಗೆ ಸ್ವಲ್ಪ ಮಂದಿ ಮಾತ್ರ ಔಷಧ ತಡೆದುಕೊಂಡು ಉಳಿದಿರುತ್ತವೆ. ಹೆಟೆರೋರೆಸಿಸ್ಟೆನ್ಸ್ ಅಂತ ಇದರ ಮೇಲೆ ದೊಡ್ಡ ದೊಡ್ಡ ಲ್ಯಾಬ್‌ಗಳಲ್ಲಿ ಸಂಶೋಧನೆ ನಡೆಯುತ್ತಿದೆ. ಆ ಚುಕ್ಕಿ ನೋಡಿ ನಿನಗೆ ಕುತೂಹಲ ಹುಟ್ಟಿದರೆ ಮುಂದುವರಿ. ಬೇಜಾರಾದರೆ ಈ ಕೆಲಸ ನಿನಗಲ್ಲ.

ಉತ್ತರ: ಕ್ಲೆಬ್ಸಿಯೆಲ್ಲಾ ಮೇಲೆ ಸಂಶೋಧನೆ ಮಾಡುವವರು, ಬೆಂಗಳೂರು

ಹುಬ್ಬಳ್ಳಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಲ್ಯಾಬ್ ಆರಿಸುವ ವಿಷಯ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಹೆಚ್ಚಿನವರು ಮೊದಲು ನೋಡುವುದು ಮೆಷಿನ್. ಡಿಎನ್‌ಎ ಓದುವ ಸೀಕ್ವೆನ್ಸರ್ ಇದೆಯಾ, ಬ್ಯಾಕ್ಟೀರಿಯಾ ಬೇಗ ಗುರುತಿಸುವ ಮಾಲ್ಡಿ-ಟಾಫ್ ಇದೆಯಾ ಅಂತ. ನೀವು ಮೊದಲು ಕೇಳಬೇಕಾದ್ದು ಬೇರೆ: ಈ ಲ್ಯಾಬ್‌ಗೆ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತದೆ? ಯಾವ ಆಸ್ಪತ್ರೆ, ಯಾವ ವಾರ್ಡ್, ರಕ್ತವೋ ಮೂತ್ರವೋ, ಯಾವ ತಾರೀಖು, ರೋಗಿಗೆ ಅದಕ್ಕೂ ಮುಂಚೆ ಯಾವ ಆ್ಯಂಟಿಬಯೋಟಿಕ್ ಕೊಟ್ಟಿದ್ದರು, ಕೊನೆಗೆ ಏನಾಯಿತು? ಇದೆಲ್ಲ ಬರೆದಿಟ್ಟಿರುವ ನೂರು ತಳಿ ಇದ್ದರೆ ಅದು ಆಸ್ತಿ. ಇದ್ಯಾವುದೂ ಇಲ್ಲದೆ ಟ್ಯೂಬ್ ಮೇಲೆ ‘ಕೆ-14’ ಅಂತ ಮಾತ್ರ ಬರೆದಿರುವ ಸಾವಿರ ತಳಿ ಇದ್ದರೂ ಅದರಿಂದ ದೊಡ್ಡ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮೆಷಿನ್ ಬೇರೆ ಕಡೆ ದುಡ್ಡು ಕೊಟ್ಟು ಬಳಸಬಹುದು. ಹಳೆಯ ತಾರೀಖಿನ ಬ್ಯಾಕ್ಟೀರಿಯಾ ಎಲ್ಲೂ ಕೊಂಡು ತರಲು ಆಗುವುದಿಲ್ಲ.

ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಬ್ಯಾಕ್ಟೀರಿಯಾ ವಿಜ್ಞಾನಿ ನಯೋಮಿ ದತ್ತ. 1959ರಲ್ಲಿ ಅಲ್ಲಿ ಸಾಲ್ಮೊನೆಲ್ಲಾ ಸೋಂಕು ಹಬ್ಬಿತು. ಅವರು ತಳಿಗಳನ್ನು ಎಸೆಯದೆ ಇಟ್ಟುಕೊಂಡರು. ಆಮೇಲೆ ನೋಡಿದರೆ, ಮೊದಮೊದಲು ಸಿಕ್ಕ ತಳಿಗಳು ಔಷಧಕ್ಕೆ ಸಾಯುತ್ತಿದ್ದವು, ನಂತರ ಸಿಕ್ಕವುಗಳಲ್ಲಿ ಕೆಲವು ಹಲವು ಔಷಧಗಳನ್ನು ಒಟ್ಟಿಗೇ ತಡೆಯುತ್ತಿದ್ದವು. ಒಂದೇ ಆಸ್ಪತ್ರೆ, ಒಂದೇ ಸೋಂಕು. ಹಾಗಾದರೆ ನಡುವೆ ಏನಾಯಿತು? ಜಪಾನಿನ ವಿಜ್ಞಾನಿಗಳು ಆಗಲೇ ಕಂಡುಕೊಂಡಿದ್ದ ಸಂಗತಿಯೇ ಇಲ್ಲೂ ಇತ್ತು: ಔಷಧ ತಡೆಯುವ ಶಕ್ತಿ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತಿತ್ತು. 1962ರಲ್ಲಿ ದತ್ತ ಅದನ್ನು ಪ್ರಕಟಿಸಿದರು. ಆ ಶಕ್ತಿಯನ್ನು ಹೊತ್ತು ದಾಟುವ ಪುಟ್ಟ ಡಿಎನ್‌ಎ ಉಂಗುರವೇ ಇವತ್ತು ನಾವು ದಿನಾ ಮಾತಾಡುವ ಪ್ಲಾಸ್ಮಿಡ್. ಬೀಗದ ಕೈಗಳ ಗೊಂಚಲಿನ ಹಾಗೆ, ಒಂದೇ ಪ್ಲಾಸ್ಮಿಡ್‌ನಲ್ಲಿ ಹಲವು ಔಷಧ ತಡೆಯುವ ಜೀನ್‌ಗಳು ಒಟ್ಟಿಗೆ ಕೈ ಬದಲಾಯಿಸುತ್ತವೆ.

ಅವರ ಇನ್ನೊಂದು ಕೆಲಸವೂ ಇದೆ. ಮರ್ರೆ ಅನ್ನುವ ವಿಜ್ಞಾನಿ 1917ರಿಂದ 1954ರವರೆಗೆ ಕೂಡಿಟ್ಟ ಬ್ಯಾಕ್ಟೀರಿಯಾ ಸಂಗ್ರಹವನ್ನು ದತ್ತ ಮತ್ತು ಅವರ ಜೊತೆಗಾರರು ಪರೀಕ್ಷಿಸಿದರು. 1983ರ ಅವರ ವರದಿ ಹೇಳಿದ್ದು ಏನು ಗೊತ್ತಾ? ಆ್ಯಂಟಿಬಯೋಟಿಕ್ ಬಳಕೆಗೆ ಬರುವ ಮೊದಲೂ ಪ್ಲಾಸ್ಮಿಡ್‌ಗಳು ಈಗಿನಷ್ಟೇ ಸಾಮಾನ್ಯವಾಗಿದ್ದವು. ಆದರೆ ಔಷಧ ತಡೆಯುವ ಜೀನ್‌ಗಳು ಅವುಗಳ ಮೇಲೆ ಹೆಚ್ಚುಕಡಿಮೆ ಇರಲೇ ಇಲ್ಲ. ಗಾಡಿ ಮೊದಲೇ ಇತ್ತು, ಸರಕು ತುಂಬಿದ್ದು ನಮ್ಮ ಕಾಲದಲ್ಲಿ. ಯಾರೋ ಒಬ್ಬರು ದಶಕಗಳ ಕಾಲ ತಾರೀಖು ಹಾಕಿ ಟ್ಯೂಬ್ ಇಟ್ಟಿದ್ದಕ್ಕೆ ಈ ಉತ್ತರ ಸಿಕ್ಕಿತು.

ಹಾಗಾಗಿ ಲ್ಯಾಬ್ ನೋಡಲು ಹೋದಾಗ ಮೈನಸ್ 80 ಫ್ರೀಜರ್ ತೋರಿಸಿ ಅಂತ ಕೇಳಿ. ನಾಚಿಕೆ ಬೇಡ. ಯಾವ ಡಬ್ಬಿಯಲ್ಲಿ ಯಾವುದಿದೆ ಅನ್ನುವ ರಿಜಿಸ್ಟರ್ ಇದೆಯಾ, ಕರೆಂಟ್ ಹೋದರೆ ಫ್ರೀಜರ್‌ಗೆ ಜನರೇಟರ್ ಇದೆಯಾ, ಅದೇ ತಳಿಗಳ ಇನ್ನೊಂದು ಸೆಟ್ ಬೇರೆ ಕಡೆ ಇದೆಯಾ ನೋಡಿ. ಆ ಲ್ಯಾಬ್ ಹೇಗೆ ನಡೆಯುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ತಳಿ ಬಂದ ದಿನವೇ ಗ್ಲಿಸರಾಲ್‌ನಲ್ಲಿ ಹಾಕಿ ಫ್ರೀಜರ್‌ಗೆ ಸೇರಿಸುವ ಅಭ್ಯಾಸ ಅಲ್ಲಿ ಇರಬೇಕು. ಔಷಧ ಇಲ್ಲದ ಪ್ಲೇಟ್‌ನಿಂದ ಪ್ಲೇಟ್‌ಗೆ ಬೆಳೆಸುತ್ತಾ ಹೋದರೆ ಕೆಲವು ತಳಿಗಳು ಪ್ಲಾಸ್ಮಿಡ್ಡನ್ನೇ ಬಿಟ್ಟುಬಿಡುತ್ತವೆ. ಆಗ ಆರು ತಿಂಗಳ ಹಿಂದೆ ಬಂದ ಫಲಿತಾಂಶ ಈಗ ಯಾಕೆ ಬರುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಎಥಿಕ್ಸ್ ಕಮಿಟಿ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ರೋಗಿಯ ಮಾಹಿತಿ ಬಳಸುವ ಯಾವ ಕೆಲಸಕ್ಕೂ ಆಸ್ಪತ್ರೆಯ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಪ್ರಾಜೆಕ್ಟ್‌ಗೆ ಒಪ್ಪಿಗೆ ಈಗಾಗಲೇ ಇದೆಯಾ ಅಂತ ಗೈಡ್‌ಗೆ ನೇರವಾಗಿ ಕೇಳಿ. ಇಲ್ಲದಿದ್ದರೆ ಮೊದಲ ವರ್ಷದಲ್ಲಿ ಏನು ಮಾಡುವುದು ಅಂತಲೂ ಕೇಳಿ.

ಯಾವ ಬ್ಯಾಕ್ಟೀರಿಯಾ ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2024ರ ಆದ್ಯತಾ ಪಟ್ಟಿ ಓದಿ. ತೀರಾ ತುರ್ತಿನ ಗುಂಪಿನಲ್ಲಿ ಕಾರ್ಬಪೆನೆಮ್‌ಗೆ (ಮೆರೊಪೆನೆಮ್ ಸೇರಿದ ಔಷಧ ಗುಂಪು) ಬಗ್ಗದ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಮತ್ತು ಇ. ಕೋಲೈ ಸೇರಿದ ಎಂಟೆರೊಬ್ಯಾಕ್ಟೀರಿಯಾ ಬಳಗ, ರಿಫಾಂಪಿಸಿನ್‌ಗೆ ಬಗ್ಗದ ಕ್ಷಯ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಮೇಲೆ 2013ರಲ್ಲಿ ಶುರು ಮಾಡಿದ ನಿಗಾ ಜಾಲ ವರ್ಷ ವರ್ಷ ವರದಿ ಹಾಕುತ್ತದೆ. ಅದನ್ನು ಓದಿಕೊಂಡು ಇಂಟರ್‌ವ್ಯೂಗೆ ಹೋದವರು ತುಂಬ ಕಡಿಮೆ, ಓದಿದವರು ತಕ್ಷಣ ಎದ್ದು ಕಾಣುತ್ತಾರೆ.

ಕೊನೆಯದಾಗಿ, ಸ್ವಲ್ಪ ಕಟುವಾಗಿ ಹೇಳುತ್ತೇನೆ. ಗಿಡದ ಎಲೆ ಅರೆದು, ರಸವನ್ನು ಡಿಸ್ಕ್‌ಗೆ ಹಾಕಿ, ಝೋನ್ ಬಂತು ಅಂತ ಪ್ರಬಂಧ ಬರೆಯುವ ಪ್ರಾಜೆಕ್ಟ್‌ಗೆ ಪಿಎಚ್‌ಡಿ ಹಂತದಲ್ಲಿ ಸೇರಬೇಡಿ. ರಸದಲ್ಲಿರುವ ಯಾವ ಅಂಶ, ಎಷ್ಟು ಪ್ರಮಾಣದಲ್ಲಿ, ಮನುಷ್ಯನ ಜೀವಕೋಶಕ್ಕೆ ತೊಂದರೆ ಆಗದೆ ಕೊಲ್ಲುತ್ತದೆ ಅನ್ನುವವರೆಗೆ ಹೋಗುವ ಶಕ್ತಿ ಆ ಲ್ಯಾಬ್‌ಗೆ ಇದ್ದರೆ ಮಾತು ಬೇರೆ. ಬರೀ ಝೋನ್‌ಗೆ ನಿಂತರೆ ನಿಮ್ಮ ಐದು ವರ್ಷಕ್ಕೆ ನ್ಯಾಯ ಸಿಗುವುದಿಲ್ಲ.

ವಿದ್ಯಾರ್ಥಿನಿ

ಮೇಡಂ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಫ್ರೀಜರ್ ತೋರಿಸಿ ಅಂತ ಕೇಳುವ ಧೈರ್ಯ ಮಾಡುತ್ತೇನೆ! ದುಡ್ಡಿನ ವಿಷಯವೂ ಯಾರಾದರೂ ಹೇಳುತ್ತೀರಾ? ಮನೆಯಲ್ಲಿ ಅಪ್ಪ ಒಬ್ಬರೇ ದುಡಿಯುವವರು. ತಮ್ಮ ಇನ್ನೂ ಪಿಯುಸಿ.

ಉತ್ತರ: ಪಿಎಚ್‌ಡಿ ನಾಲ್ಕನೇ ವರ್ಷ, ಮಂಗಳೂರು

ದುಡ್ಡಿನ ವಿಷಯ ನಾನು ಹೇಳುತ್ತೇನೆ. ಫೆಲೋಶಿಪ್ ಇಲ್ಲದೆ ಪಿಎಚ್‌ಡಿಗೆ ಸೇರಬೇಡಿ, ಅಷ್ಟೇ. ಸಿಎಸ್‌ಐಆರ್-ಯುಜಿಸಿ ನೆಟ್ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್), ಐಸಿಎಂಆರ್ ಜೆಆರ್‌ಎಫ್, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಬಿಇಟಿ ಪರೀಕ್ಷೆ, ಇವುಗಳಲ್ಲಿ ಒಂದನ್ನು ಗೆಲ್ಲಲು ಒಂದು ವರ್ಷ ಹೋದರೂ ಪರವಾಗಿಲ್ಲ. ಜನವರಿ 2023ರಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಸೀನಿಯರ್ ಫೆಲೋ (ಎಸ್‌ಆರ್‌ಎಫ್) ಆದ ಮೇಲೆ 42,000. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಸ್ವಂತ ಫೆಲೋಶಿಪ್ ಇದ್ದರೆ ಲ್ಯಾಬ್ ಆರಿಸುವಾಗ ನಿಮ್ಮ ಕೈ ಮೇಲಿರುತ್ತದೆ. ಇಲ್ಲದಿದ್ದರೆ ಪ್ರಾಜೆಕ್ಟ್ ಮುಗಿದ ದಿನ ಸಂಬಳವೂ ಮುಗಿಯುತ್ತದೆ.

ಆದರೆ ದುಡ್ಡು ತಿಂಗಳ ಮೊದಲ ತಾರೀಖಿಗೆ ಬರುತ್ತದೆ ಅಂದುಕೊಳ್ಳಬೇಡಿ. ತಿಂಗಳುಗಟ್ಟಲೆ ತಡವಾಗಿ ಒಟ್ಟಿಗೆ ಬಂದದ್ದೂ ಇದೆ. ನನ್ನ ಜೊತೆಯ ಹುಡುಗ ಆ ಸಮಯದಲ್ಲಿ ಟ್ಯೂಷನ್ ಹೇಳಿಕೊಂಡು ರೂಮಿನ ಬಾಡಿಗೆ ಕಟ್ಟಿದ. ಹಾಗಾಗಿ ಸೇರಿದ ಮೇಲೆ ಮೊದಲು ಬರುವ ದುಡ್ಡಿನಲ್ಲಿ ಮೂರ್ನಾಲ್ಕು ತಿಂಗಳ ಖರ್ಚಿನಷ್ಟು ಮುಟ್ಟದೆ ಪಕ್ಕಕ್ಕಿಡಿ. ಅಪ್ಪನಿಗೂ ಈಗಲೇ ಹೇಳಿಡಿ, ಮನೆಗೆ ಕಳಿಸುವುದು ಎಲ್ಲ ತಿಂಗಳೂ ಆಗುವುದಿಲ್ಲ ಅಂತ.

ದಿನಚರಿ ಬಗ್ಗೆಯೂ ಒಂದು ಮಾತು. ಬ್ಯಾಕ್ಟೀರಿಯಾಕ್ಕೆ ಭಾನುವಾರ ಇಲ್ಲ. ಶನಿವಾರ ಸಂಜೆ ಹಾಕಿದ ಪ್ಲೇಟನ್ನು ಭಾನುವಾರ ಬೆಳಗ್ಗೆ ನೋಡಲೇಬೇಕು, ಸೋಮವಾರ ನೋಡಿದರೆ ಆ ಓದಿಗೆ ಬೆಲೆ ಇಲ್ಲ. ಔಷಧ ಎಷ್ಟು ಬೇಗ ಕೊಲ್ಲುತ್ತದೆ ಅಂತ ನೋಡುವ ಟೈಮ್-ಕಿಲ್ ಪ್ರಯೋಗ ಇಟ್ಟರೆ ಗಂಟೆ ಗಂಟೆಗೆ ಸ್ಯಾಂಪಲ್ ತೆಗೆಯಬೇಕು, ಮತ್ತೆ 24 ಗಂಟೆಗೆ ಒಂದು. ಊರಿನ ಕೋಲ, ಅಕ್ಕನ ಮಗಳ ನಾಮಕರಣ, ಎಲ್ಲ ಇನ್‌ಕ್ಯುಬೇಟರ್ ಕೇಳಿಕೊಂಡೇ ಹೋಗಬೇಕು. ಇದು ದೂರು ಅಲ್ಲ, ಮೊದಲೇ ಗೊತ್ತಿದ್ದರೆ ಮನೆಯವರಿಗೂ ಹೇಳಿ ಒಪ್ಪಿಸಬಹುದು. ಲ್ಯಾಬ್‌ನಲ್ಲಿ ಪಾಳಿ ಹಂಚಿಕೊಳ್ಳುವ ಪದ್ಧತಿ ಇದೆಯಾ ಅಂತ ಅಲ್ಲಿನ ಸೀನಿಯರ್‌ಗಳನ್ನು ಕೇಳಿ. ಗೈಡ್ ಎದುರಿಗಲ್ಲ, ಕ್ಯಾಂಟೀನ್‌ನಲ್ಲಿ ಕೇಳಿ.

ಕಲಿಯಬೇಕಾದ್ದು ಕೇಳಿದ್ದಿರಿ. ಲಿನಕ್ಸ್‌ನ ಬೇಸಿಕ್ ಕಮಾಂಡ್‌ಗಳು ಮತ್ತು ಆರ್ ಪ್ರೋಗ್ರಾಮಿಂಗ್ ಈಗಲೇ ಶುರು ಮಾಡಿ, ಮನೆಯಲ್ಲೇ ಉಚಿತವಾಗಿ ಕಲಿಯಬಹುದು. ಜೀನೋಮ್ ಡೇಟಾ ಓದುವುದು ಇವತ್ತು ಎಲ್ಲ ಲ್ಯಾಬ್‌ಗೂ ಬೇಕು. ಆದರೆ ಜೀನ್ ಸಿಕ್ಕಿತು ಅಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಔಷಧ ತಡೆಯುತ್ತದೆ ಅಂತ ಅಲ್ಲ. ಜೀನ್ ಇದ್ದೂ ಸುಮ್ನೆ ಇರಬಹುದು. ಜೀನ್ ಇಲ್ಲದೆಯೂ, ಹೊರಪೊರೆಯ ರಂಧ್ರಗಳನ್ನು ಕಡಿಮೆ ಮಾಡಿಕೊಂಡೋ, ಒಳಗೆ ಬಂದ ಔಷಧವನ್ನು ಪಂಪ್ ಮಾಡಿ ಹೊರಹಾಕಿಯೋ ತಪ್ಪಿಸಿಕೊಳ್ಳಬಹುದು. ಕಂಪ್ಯೂಟರ್ ಹೇಳಿದ್ದನ್ನು ಪ್ಲೇಟ್ ಮೇಲೆ ತೋರಿಸಬೇಕು. ಎರಡೂ ಕೈ ಇರುವವರಿಗೆ ಬೇಡಿಕೆ ಇದೆ.

ಕೊಲಿಸ್ಟಿನ್ ಅನ್ನುವ ಆ್ಯಂಟಿಬಯೋಟಿಕ್ ಮೇಲೆ ಕೆಲಸ ಬಂದರೆ ನೆನಪಿಡಿ: ಅದಕ್ಕೆ ಡಿಸ್ಕ್ ಇಟ್ಟು ಝೋನ್ ಅಳೆಯುವುದು ನಡೆಯುವುದಿಲ್ಲ. ಅಣು ದೊಡ್ಡದು, ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಅದಕ್ಕೆ ಮುಖ್ಯ ವಿಧಾನ ಬ್ರಾತ್ ಮೈಕ್ರೋಡೈಲ್ಯೂಷನ್, ಅಂದರೆ ಪುಟ್ಟ ಗುಳಿಗಳ ಪ್ಲೇಟ್‌ನಲ್ಲಿ ಔಷಧವನ್ನು ಬೇರೆ ಬೇರೆ ಪ್ರಮಾಣದಲ್ಲಿ ದ್ರವಕ್ಕೆ ಬೆರೆಸಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ನೋಡುವುದು. ಅಲ್ಲೂ ಔಷಧ ಪ್ಲಾಸ್ಟಿಕ್‌ಗೆ ಅಂಟಿಕೊಂಡು ಲೆಕ್ಕ ಏರುಪೇರಾಗುತ್ತದೆ. ಯಾವ ಪ್ಲೇಟ್, ಯಾವ ಕಂಪನಿ ಅನ್ನುವುದನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ.

ಉತ್ತರ: ಪಶುವೈದ್ಯ, ಬೀದರ್

ಎಲ್ಲರೂ ಆಸ್ಪತ್ರೆ ಕಡೆಗೇ ಹೊರಟಿದ್ದೀರಿ. ಕೊಟ್ಟಿಗೆ ಮತ್ತು ಕೋಳಿ ಶೆಡ್ ಕಡೆಯೂ ನೋಡ್ರಿ. ಇಲ್ಲಿ ಕೆಲಸ ಮಾಡುವವರು ಬಹಳ ಕಡಿಮೆ ಇದ್ದಾರೆ, ಪ್ರಶ್ನೆಗಳು ಬಹಳ ಇವೆ.

ಅಮೆರಿಕದ ವಿಜ್ಞಾನಿ ಸ್ಟುವರ್ಟ್ ಲೆವಿ 1970ರ ದಶಕದಲ್ಲಿ ಬಾಸ್ಟನ್ ಹತ್ತಿರದ ಒಂದು ಫಾರಂನಲ್ಲಿ ಮಾಡಿದ ಪ್ರಯೋಗ ಓದಿ. ಕೋಳಿಗಳ ಒಂದು ಗುಂಪಿಗೆ ಮೇವಿನಲ್ಲಿ ಸ್ವಲ್ಪ ಆಕ್ಸಿಟೆಟ್ರಾಸೈಕ್ಲಿನ್ ಬೆರೆಸಿ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ಸುಮಾರು ಒಂದು ವಾರದಲ್ಲೇ ಆ ಕೋಳಿಗಳ ಕರುಳಿನ ಬ್ಯಾಕ್ಟೀರಿಯಾ ಬಹುಪಾಲು ಔಷಧಕ್ಕೆ ಬಗ್ಗದಾದವು. ಅಲ್ಲಿಗೆ ನಿಲ್ಲಲಿಲ್ಲ. ಆರು ತಿಂಗಳೊಳಗೆ ಫಾರಂ ಮನೆಯವರ ಮಲದಲ್ಲೂ ಅಂಥ ಬ್ಯಾಕ್ಟೀರಿಯಾ ಜಾಸ್ತಿ ಆದವು, ಅಕ್ಕಪಕ್ಕದ ಮನೆಯವರಲ್ಲಿ ಹಾಗೆ ಆಗಲಿಲ್ಲ. 1976ರಲ್ಲಿ ಪ್ರಕಟವಾದ ಈ ಕೆಲಸಕ್ಕೆ ದೊಡ್ಡ ಮೆಷಿನ್ ಏನೂ ಬೇಕಿರಲಿಲ್ಲ. ಪ್ರಶ್ನೆ ಗಟ್ಟಿ ಇತ್ತು, ಸ್ಯಾಂಪಲ್ ತಪ್ಪದೆ ವಾರವಾರ ತೆಗೆದರು.

ನಮ್ಮಲ್ಲಿ 2019ರಲ್ಲಿ ಆಹಾರದ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಮನುಷ್ಯರಿಗೆ ಕೊನೆಯ ಔಷಧವಾಗಿ ಉಳಿದಿರುವುದನ್ನು ಕೋಳಿ ದಪ್ಪ ಮಾಡಲು ಬಳಸಬಾರದು ಅಂತ. ನಿಷೇಧದ ನಂತರ ಶೆಡ್‌ಗಳಲ್ಲಿ, ಸುತ್ತಲಿನ ಮಣ್ಣಲ್ಲಿ, ನೀರಲ್ಲಿ ಏನು ಬದಲಾಗಿದೆ ಅನ್ನುವುದು ಒಳ್ಳೆಯ ಸಂಶೋಧನೆಯ ವಿಷಯ.

ಇಲ್ಲಿ ಒಂದು ಕೌಶಲ ಬೇಕೇಬೇಕು, ರೈತರ ಜೊತೆ ಮಾತಾಡುವುದು. ಸ್ವಾಬ್ ಹಿಡಿದು ನೇರ ಶೆಡ್‌ಗೆ ಹೋದರೆ, ಇವರು ನಮ್ಮ ಮೇಲೆ ಕೇಸ್ ಹಾಕಲು ಬಂದವರು ಅಂದುಕೊಳ್ಳುತ್ತಾರೆ. ಮೊದಲು ಅವರ ಕಷ್ಟ ಕೇಳಬೇಕು. ಹಸುವಿಗೆ ಕೆಚ್ಚಲು ಬಾವು ಬಂದಾಗ ಹಾಲು ನಿಂತರೆ ಆ ಮನೆಯ ದಿನದ ಆದಾಯವೇ ನಿಲ್ಲುತ್ತದೆ. ಕಲ್ಚರ್ ಫಲಿತಾಂಶ ಬರುವವರೆಗೆ ಕಾಯಿರಿ ಅಂದರೆ ಅವರು ಕಾಯುವ ಸ್ಥಿತಿಯಲ್ಲಿ ಇರುವುದಿಲ್ಲ, ಅಂಗಡಿಯಿಂದ ಆ್ಯಂಟಿಬಯೋಟಿಕ್ ಟ್ಯೂಬ್ ತಂದು ಕೆಚ್ಚಲಿಗೆ ತಾವೇ ಏರಿಸುತ್ತಾರೆ. ಅವರನ್ನು ಬೈಯುವ ಸಂಶೋಧಕರು ನಮಗೆ ಬೇಡ. ಅವರಿಗೆ ಬೇಗ ಉತ್ತರ ಕೊಡುವ ಟೆಸ್ಟ್ ಮಾಡುವ ಸಂಶೋಧಕರು ಬೇಕು. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಯಲಹಂಕದಲ್ಲಿರುವ ಪಶುರೋಗಗಳ ರಾಷ್ಟ್ರೀಯ ಸಂಸ್ಥೆ ನಿವೇದಿ, ಎರಡೂ ಕಡೆ ವಿಚಾರಿಸಿ.

ಉತ್ತರ: ಪೋಸ್ಟ್‌ಡಾಕ್, ಉಪ್ಸಾಲಾ, ಸ್ವೀಡನ್

ಶಿವಮೊಗ್ಗದವನು, ಈಗ ಇಲ್ಲಿದ್ದೇನೆ. ವಿದೇಶದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ.

ಪಿಎಚ್‌ಡಿ ಭಾರತದಲ್ಲೇ ಮಾಡಿ, ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನೆಗೆ) ಹೊರಗೆ ಬನ್ನಿ. ಇದು ನನ್ನ ಅಭಿಪ್ರಾಯ, ಬೇರೆಯವರು ಒಪ್ಪದಿರಬಹುದು. ಕಾರಣ ಇಷ್ಟೇ: ಇಲ್ಲಿ ಔಷಧಕ್ಕೆ ಬಗ್ಗದ ತಳಿಗಳು ಅಪರೂಪ. ಕಾರ್ಬಪೆನೆಮ್ ಔಷಧಗಳನ್ನೂ ಒಡೆದುಹಾಕುವ ಎನ್‌ಡಿಎಂ-1 ಕಿಣ್ವ ಮೊದಲು ಪತ್ತೆಯಾದದ್ದು 2008ರಲ್ಲಿ, ಇಲ್ಲಿನ ಒಬ್ಬ ರೋಗಿಯ ಕ್ಲೆಬ್ಸಿಯೆಲ್ಲಾದಲ್ಲಿ. ಅವರು ಅದಕ್ಕೂ ಮುಂಚೆ ದೆಹಲಿಯಲ್ಲಿ ಆಸ್ಪತ್ರೆಯಲ್ಲಿದ್ದವರು. ಇಲ್ಲಿ ಅಂಥದ್ದು ಒಂದು ಸಿಕ್ಕರೆ ಸುದ್ದಿ, ನಮ್ಮ ಕಡೆಯ ಐಸಿಯುಗಳಲ್ಲಿ ಅದು ದಿನನಿತ್ಯದ ಮಾತು. ರೋಗದ ಹತ್ತಿರ ನಿಂತು ಕಲಿತವರ ಪ್ರಶ್ನೆಗಳೇ ಬೇರೆ ಇರುತ್ತವೆ, ಇಲ್ಲಿನವರು ಅದನ್ನು ಗೌರವದಿಂದ ಕೇಳುತ್ತಾರೆ. ಇಲ್ಲಿಂದ ನಾವು ಕಲಿಯಬೇಕಾದ್ದೂ ಇದೆ. ಆ್ಯಂಟಿಬಯೋಟಿಕ್ ಬಳಕೆಗೆ ಕಡಿವಾಣ ಹಾಕಲು ಸ್ಟ್ರಾಮಾ ಅನ್ನುವ ವ್ಯವಸ್ಥೆಯನ್ನು ಇವರು 1995ರಲ್ಲೇ ಕಟ್ಟಿದರು.

ಭಾರತದ ತಳಿಗಳನ್ನು ಜೇಬಲ್ಲಿ ಹಾಕಿಕೊಂಡು ಬರುವ ಹಾಗಿಲ್ಲ. ವಿದೇಶದ ಜೊತೆ ಆರೋಗ್ಯ ಸಂಶೋಧನೆಗೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಒಪ್ಪಿಗೆ ಬೇಕು, ಸಂಸ್ಥೆಗಳ ನಡುವೆ ಒಪ್ಪಂದ ಬೇಕು. ವಾಪಸ್ ಬರುವ ಆಸೆ ಇದ್ದರೆ ಡಿಬಿಟಿಯ ರಾಮಲಿಂಗಸ್ವಾಮಿ ಫೆಲೋಶಿಪ್ ಇದೆ, ಹೊರಗಿರುವವರು ಮರಳಿ ಬಂದು ಸ್ವಂತ ಲ್ಯಾಬ್ ಶುರು ಮಾಡಲು ಅಂತಲೇ ಇರುವುದು. ಊರಿನ ಜೊತೆ ಸಂಪರ್ಕ ಬಿಡದವರಿಗೆ ಮಾತ್ರ ಅದು ಸುಲಭ.

ಉತ್ತರ: ಔಷಧ ಸಂಶೋಧನಾ ಕಂಪನಿ ಉದ್ಯೋಗಿ, ಬೆಂಗಳೂರು

ಕೆಲಸ ಇದೆಯಾ ಅಂತ ಕೇಳಿದ್ದೀರಿ. ಇದೆ, ಆದರೆ ಹೆಸರಿನ ಮುಂದೆ ‘ಆ್ಯಂಟಿಬಯೋಟಿಕ್’ ಅಂತ ಇರುವ ಕೆಲಸ ಕಡಿಮೆ.

ಈ ಔಷಧದ ವ್ಯಾಪಾರ ವಿಚಿತ್ರ. ಹೊಸದು ಬಂದರೆ ಡಾಕ್ಟರುಗಳು ಅದನ್ನು ಕಾಪಾಡಿಕೊಳ್ಳಲು ಆದಷ್ಟು ಕಡಿಮೆ ಬಳಸಬೇಕು. ಕಡಿಮೆ ಬಳಸಿದರೆ ಕಂಪನಿಗೆ ಹಾಕಿದ ದುಡ್ಡು ಬರುವುದಿಲ್ಲ. ಅಮೆರಿಕದ ಅಕಾವೊಜೆನ್ ಕಂಪನಿಯ ಹೊಸ ಆ್ಯಂಟಿಬಯೋಟಿಕ್ ಪ್ಲಾಜೊಮೈಸಿನ್‌ಗೆ 2018ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು, 2019ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಬೆಂಗಳೂರಿನಲ್ಲೂ ಆಸ್ಟ್ರಾಜೆನೆಕಾ ತನ್ನ ಸಂಶೋಧನಾ ಕೇಂದ್ರವನ್ನು 2014ರಲ್ಲಿ ಮುಚ್ಚುವುದಾಗಿ ಹೇಳಿತು. ಅದೇ ವರ್ಷ ಇದೇ ಊರಲ್ಲಿ ಹೊಸ ಆ್ಯಂಟಿಬಯೋಟಿಕ್ ಹುಡುಕುವ ಬಗ್‌ವರ್ಕ್ಸ್ ಕಂಪನಿ ಶುರುವಾಯಿತು. ಹೊಸ ಕಂಪನಿಗಳಿಗೆ ನೆರವಾಗುವ ಇಲ್ಲಿನ ಸರ್ಕಾರಿ ಜೀವವಿಜ್ಞಾನ ಕೇಂದ್ರ ಸಿ-ಕ್ಯಾಂಪ್ ಸುತ್ತ ಸಣ್ಣ ಕಂಪನಿಗಳು ಬೆಳೆಯುತ್ತಿವೆ. ಚೆನ್ನೈನ ಆರ್ಕಿಡ್ ಕಂಡುಹಿಡಿದ ಎನ್ಮೆಟಜೊಬ್ಯಾಕ್ಟಮ್‌ಗೆ, ಸೆಫೆಪೈಮ್ ಅನ್ನುವ ಹಳೆಯ ಆ್ಯಂಟಿಬಯೋಟಿಕ್ ಜೊತೆ ಸೇರಿಸಿ, 2024ರ ಫೆಬ್ರುವರಿಯಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆ ಸುದ್ದಿ ಬಂದ ದಿನ ನಮ್ಮ ಲ್ಯಾಬ್‌ನಲ್ಲಿ ಎಲ್ಲರಿಗೂ ನಮ್ಮದೇ ಮನೆಯ ಖುಷಿ.

ಬೆಂಗಳೂರಿನ ಮೇಡಂ ಹೇಳಿದ್ದಕ್ಕೆ ಒಂದು ತಕರಾರು ಇದೆ. ಔಷಧ ಕಂಡುಹಿಡಿಯುವ ಕೆಲಸದಲ್ಲಿ ಮೊದಲ ಕೆಲವು ವರ್ಷ ಆಸ್ಪತ್ರೆಯ ತಳಿ ಬೇಕಾಗುವುದೇ ಇಲ್ಲ. ಔಷಧದ ಅಣು ಗ್ರಾಂ-ನೆಗೆಟಿವ್ (ಕ್ಲೆಬ್ಸಿಯೆಲ್ಲಾ ಥರ ಎರಡು ಪೊರೆ ಇರುವ) ಬ್ಯಾಕ್ಟೀರಿಯಾದ ಹೊರಪೊರೆ ದಾಟುತ್ತದಾ, ದಾಟಿ ಒಳಗೆ ಉಳಿಯುತ್ತದಾ ಅನ್ನುವುದಕ್ಕೇ ಹೆಣಗಾಡುತ್ತೇವೆ. ಅದಕ್ಕೆ ಪಂಪ್ ಜೀನ್ ತೆಗೆದುಹಾಕಿದ, ಸ್ವಭಾವ ಚೆನ್ನಾಗಿ ಗೊತ್ತಿರುವ ಲ್ಯಾಬ್ ತಳಿಗಳೇ ಬೇಕು. ನಿಮಗೆ ಕೆಮಿಸ್ಟ್ರಿ ಇಷ್ಟ ಇದ್ದರೆ ಆ ದಾರಿಯೂ ಒಳ್ಳೆಯದೇ. ಕೆಲಸದ ಮಟ್ಟಿಗೆ ಧೈರ್ಯವಾಗಿರಿ: ಎಂಐಸಿಯನ್ನು (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಅತಿ ಕಡಿಮೆ ಔಷಧ ಪ್ರಮಾಣ) ಮತ್ತೆ ಮತ್ತೆ ಒಂದೇ ರೀತಿ ತೆಗೆಯುವವರನ್ನು, ದಾಖಲೆ ಚೆನ್ನಾಗಿ ಇಡುವವರನ್ನು ರೋಗಪತ್ತೆ ಕಿಟ್ ಕಂಪನಿಗಳು, ಲಸಿಕೆ ಕಂಪನಿಗಳು, ಔಷಧ ಕಾರ್ಖಾನೆಗಳ ಕ್ವಾಲಿಟಿ ವಿಭಾಗ ಎಲ್ಲವೂ ತೆಗೆದುಕೊಳ್ಳುತ್ತವೆ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಹುದ್ದೆಯೂ ಇದೆ, ಆದರೆ ಅದೊಂದನ್ನೇ ನಂಬಿ ಬರಬೇಡಿ.

ವಿದ್ಯಾರ್ಥಿನಿ

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಒಂದೇ ಒಂದು ಉಳಿದಿದೆ. ಅಮ್ಮನಿಗೆ ಭಯ. ‘ಆ ಹುಳಗಳನ್ನು ದಿನಾ ಮುಟ್ಟಿ ಮನೆಗೆ ಬರುತ್ತೀಯಾ, ಅಜ್ಜಿಗೆ ಮತ್ತೆ ಬಂದರೆ?’ ಅನ್ನುತ್ತಾರೆ. ಏನು ಹೇಳಲಿ?

ಉತ್ತರ: ಬೆಂಗಳೂರಿನ ಸಂಶೋಧಕಿ

ಅಮ್ಮನ ಪ್ರಶ್ನೆ ಸರಿಯಾಗಿದೆ, ತಳ್ಳಿಹಾಕಬೇಡಿ. ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಇವು ಆರೋಗ್ಯವಾಗಿರುವವರಿಗೆ ಸಾಮಾನ್ಯವಾಗಿ ರೋಗ ತರುವುದಿಲ್ಲ. ಕ್ಯಾತಿಟರ್ ಹಾಕಿದವರು, ವೆಂಟಿಲೇಟರ್ ಮೇಲಿರುವವರು, ಹಸುಗೂಸುಗಳು, ವಯಸ್ಸಾದವರು, ಅವರಿಗೆ ಅಪಾಯ. ಆದರೆ ರೋಗ ಬರದೆಯೂ ನಮ್ಮ ಕರುಳಲ್ಲಿ ಅವು ಕೂತು ಮನೆಗೆ ಬರಬಹುದು. ಅದಕ್ಕೇ ಲ್ಯಾಬ್‌ನ ನಿಯಮಗಳು. ಕೋಟ್ ಲ್ಯಾಬ್‌ನಲ್ಲೇ ಇರುತ್ತದೆ, ಮನೆಗೆ ಬರುವುದಿಲ್ಲ. ಗ್ಲೌಸ್ ಹಾಕಿದ ಕೈಯಲ್ಲಿ ಫೋನ್ ಮುಟ್ಟುವುದಿಲ್ಲ. ತಿಂಡಿ, ನೀರಿನ ಬಾಟಲಿ ಒಳಗೆ ಬರುವುದಿಲ್ಲ. ಬಳಸಿದ ಪ್ಲೇಟ್‌ಗಳು 121 ಡಿಗ್ರಿ ಹಬೆಯ ಒತ್ತಡದಲ್ಲಿ ಆಟೋಕ್ಲೇವ್ ಆಗದೆ ಹೊರಗೆ ಹೋಗುವುದಿಲ್ಲ. ಹೊರಡುವಾಗ ಸೋಪಿನಿಂದ ಕೈ ತೊಳೆಯದೆ ಬಾಗಿಲು ದಾಟುವುದಿಲ್ಲ. ಲ್ಯಾಬ್ ನೋಡಲು ಹೋದಾಗ ಇದನ್ನೂ ಗಮನಿಸಿ. ಸೀನಿಯರ್‌ಗಳು ಬೆಂಚ್ ಮೇಲೆ ಟೀ ಕಪ್ ಇಟ್ಟುಕೊಂಡಿದ್ದರೆ ಬೇರೆ ಲ್ಯಾಬ್ ನೋಡಿ.

ಬ್ಯಾಕ್ಟೀರಿಯಾ ಗಾಳಿಯಲ್ಲಿ ನಮ್ಮ ಕಡೆ ಬರದಂತೆ ತಡೆಯುವ ಬಯೋಸೇಫ್ಟಿ ಕ್ಯಾಬಿನೆಟ್ ಇದ್ದರೆ ಸಾಲದು, ಅದನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿದ ಚೀಟಿ ಅಂಟಿಸಿರಬೇಕು. ಕ್ಷಯದ ಬ್ಯಾಕ್ಟೀರಿಯಾ ಬೆಳೆಸುವ ಕೆಲಸಕ್ಕೆ ಬೇರೆಯೇ ಮಟ್ಟದ ಲ್ಯಾಬ್ ಬೇಕು, ಅದು ಗಾಳಿಯಲ್ಲಿ ಬರುವಂಥದ್ದು.

ಉತ್ತರ: ಹುಬ್ಬಳ್ಳಿಯ ಟೆಕ್ನಾಲಜಿಸ್ಟ್

ಇದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ಪ್ಲೇಟ್ ಮೂಸಿ ನೋಡಬೇಡ, ಯಾರು ಹೇಳಿದರೂ ಸರಿ. ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ದ್ರಾಕ್ಷಿ ವಾಸನೆ ಬರುತ್ತದೆ ಅಂತ ಹಿಂದೆಲ್ಲ ಮೂಸಿ ಗುರುತಿಸುತ್ತಿದ್ದರು. ನಮ್ಮ ಕಡೆ ದನ, ಕುರಿ ಸಾಕುವವರ ರಕ್ತದಲ್ಲಿ ಬ್ರುಸೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬರುವುದುಂಟು. ಪ್ಲೇಟ್ ಮೇಲೆ ಸಣ್ಣ ಸಣ್ಣದಾಗಿ ನಿಧಾನಕ್ಕೆ ಬೆಳೆಯುತ್ತದೆ, ಮೂಸಿದರೆ ನೇರ ಒಳಗೆ ಹೋಗುತ್ತದೆ. ಲ್ಯಾಬ್‌ನವರಿಗೆ ಲ್ಯಾಬ್‌ನಲ್ಲೇ ಅಂಟುವ ಸೋಂಕುಗಳಲ್ಲಿ ಅದು ಮುಖ್ಯವಾದದ್ದು.

ಇನ್ನು ಆಸ್ಪತ್ರೆ ಲ್ಯಾಬ್‌ಗೆ ಬರುವುದಾದರೆ ಕಾಲೇಜಿನಿಂದ ಪತ್ರ ತಾ. ಹೆಪಟೈಟಿಸ್ ಬಿ ಲಸಿಕೆ ಆಗಿರಬೇಕು, ರಕ್ತದ ಸ್ಯಾಂಪಲ್ ಮುಟ್ಟುತ್ತೀಯಲ್ಲ. ಮೂರು ಡೋಸ್: ಮೊದಲನೆಯದು ಆದ ಮೇಲೆ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಪರೀಕ್ಷೆ ಮುಗಿಯುವವರೆಗೆ ಕಾಯಬೇಡ, ಮೊದಲ ಡೋಸ್ ಈ ವಾರವೇ ಹಾಕಿಸಿಕೋ.